ಹತ್ತು ನಿಮಿಷದ ಬ್ಯಾಟರಿ

ತುಳಜಾಸಾ ಬಾಕಳೆಯವರ ಫೋನು:
"ದಾದಾಪೀರ, ಮ್ಯಾಲಿನ ಖೋಲಿಗೆ
ಬ್ಯಾಟರಿ ಬೇಕೋ, ಬ್ಯಾಡೋ?
ಹೌದಂದ್ರ ಹೌದನ್ನು, ಇಲ್ಲಂದ್ರ ಇಲ್ಲನ್ನು,
ಅಂಗಡಿ ಮಾತು ಬ್ಯಾಡ."

ಸಂಜಿಗೆ ಹೋದೆ. ಬೆಟಗೇರಿ ಓಣಿ,
ಸೀರಿ ಅಂಗಡಿ ನೆತ್ತಿ ಮ್ಯಾಲ ಮೂರನೇ ಮಜಲಿ.
ಏಳು ಸ್ಪೀಕರು. ಒಂದು ಸಬ್‌ವೂಫರ್,
ಮುನಿಸಿಕೊಂಡ ಅಳಿಯನಂಗ ಮೂಲ್ಯಾಗ ಕುಂತೈತಿ.
ಮಾರಾಟ ಆಗದ ಇಳಕಲ್ ಸೀರಿ
ಎರಡೆರಡು ಪದರ ಹೊಲಿಸಿ ಕಿಡಕಿಗೆ ಕಟ್ಯಾರ;
ಟೋಪ ತೆನಿ ಸೆರಗು
ಕತ್ತಲಿ ಕಾಯ್ತೈತಿ.

ಕಿವಿ ಮ್ಯಾಲಿನ ಪೆನ್ಸಿಲ್ ಇಳಿಸಿ ಲೆಕ್ಕಾ ಹಾಕಿದೆ.
ಪ್ರೊಜೆಕ್ಟರು ಮುನ್ನೂರು ವ್ಯಾಟು.
ಆಂಪ್ಲಿಫಾಯರು, ಸುಮ್ನಿದ್ರ ನಲವತ್ತು,
ಬಾಂಬು ಬಿದ್ರ ನಾನೂರು.
"ಪೂರಾ ಸಿನಿಮಾ ನಡಸಾಕ
ದೊಡ್ಡ ಬ್ಯಾಟರಿ ಎರಡು, ಚೊಲೋ ಇನ್ವರ್ಟರ್ ಒಂದು.
ಅಗ್ಗದ್ದು ತಂದ್ರ ಅದರ ಕರೆಂಟು ಚೌಕ ಚೌಕ,
ಸ್ಪೀಕರಿನ್ಯಾಗ ನೊಣ ಹೊಕ್ಕಂಗ ಗುಂಯ್ ಅಂತೈತಿ,
ಹಾಡೋರಿಗೆಲ್ಲಾ ನೆಗಡಿ."

"ಎಷ್ಟರ ಆಗಲಿ ಹಾಕು" ಅಂದ್ರು.
"ನಾಕು ವರ್ಷ ಆತು, ಒಬ್ಬ ಕೊಲಿಗಾರನೂ
ನನ್ನ ಕೈಗೆ ಸಿಕ್ಕಿಲ್ಲ.
ಬಾಗಿಲಾ ತಗದು, ಮಾರಿ ಕಾಣಬೇಕು,
ಅಷ್ಟರಾಗ ಹೋಗೇಬಿಡತೈತಿ.
ಅತ್ತ ಗುಡ್ಡದ ಮ್ಯಾಲ ಗಾಳಿ ಪಂಖಾ
ಹಗಲೂ ರಾತ್ರಿ ತಿರಗತಾವ,
ಇಲ್ಲಿ ಕೊಲಿಗಾರ ಪರಾರಿ!"

ನೋಡು ಅಂತ ಒಂದು ಹಚ್ಚಿ ತೋರಿಸಿದ್ರು.
ಮಳಿ. ಬಂಗಲೆ. ವಕೀಲ. ಮೆಟ್ಟಲ ಮ್ಯಾಲ ಬೂಟಿನ ಸಪ್ಪಳ
ನನ್ನ ಬೆನ್ನ ಹಿಂದಿಂದ ಬಂತು, ಹೊಳ್ಳಿ ನೋಡಿದೆ.
ಹೋತು.

ಬಿಸಿ ಲ್ಯಾಂಪಿನ ವಾಸನಿ. ಉಸುರು ಕಟ್ಟಿದ ಪಂಖಾ.
ಕೆಳಗಿಂದ ಅಂಬೂಬಾಯಿ ಗಿರಮಿಟ್ ಬುಟ್ಟಿ ಹೊತ್ತು
ಕತ್ತಲದಾಗ ಒಂದೂ ಮೆಟ್ಟಲ ತಪ್ಪದ ಬಂದ್ರು.
"ವಕೀಲ ಅಲ್ಲ" ಅಂದ್ರು, ಕುಂದರೂ ಮೊದಲ.
"ಅವನ ಛತ್ರಿ ನೋಡಿದ್ರಿಲ್ಲೋ? ಒಣಗಿತ್ತು.
ಹೊರಗ ಅಷ್ಟು ಮಳಿ.
ಹಂಗಾರ ಅವ ಬಂದವಲ್ಲ, ಮೊದಲ ಒಳಗಿದ್ದವ.
ಯಾರನ್ನ ಕಾಯಾಕ?"
ಮೊಮ್ಮಗ ಜಗಳಾ ತಗದ. ಸೊಸಿ ರುಕ್ಮಿಣಿ
ಡ್ರೈವರನ ಮ್ಯಾಲ ಸಂಶಯ ಪಟ್ಟಳು.
ಕೆಳಗಿನ ಟೇಲರ್ ಮ್ಯಾಲ ಬಂದು
ಟೇಪು ಕೊಳ್ಳಾಗ ಇದ್ದಂಗೇ ಕುಂತ.
ಹಸಿಮೆಣಸಿನಕಾಯಿ ಕಟುಂ ಅಂತ ಕಡಿಯೂ ಸಪ್ಪಳ
ಏಳೂ ಕಡಿಯಿಂದ.

ಕರೆಂಟು ಬಂದಾಗ ಯಾರೂ ಬಟನ್ ಒತ್ತಲಿಲ್ಲ.
ಅಂಬೂಬಾಯಿ ಇನ್ನೂ ಕೋರ್ಟಿನ್ಯಾಗಿದ್ರು.

ಬರದ ಚೀಟಿ ನಾ ಹರದೆ.
"ಸಾಹುಕಾರ್ರ, ದನಿಗೆ ಬ್ಯಾಟರಿ ಬ್ಯಾಡ.
ನಿಂತ್ರ ನಿಲ್ಲತೈತಿ, ಏನೂ ಕೆಡಂಗಿಲ್ಲ.
ಹೋದದ್ದು ಒದ್ದುಕೊಂತ ಬರತೈತಲ್ಲ,
ಆ ಒದಿಕಿ ತಡಿಯಾಕ ಸಣ್ಣ ಡಬ್ಬಿ ಸಾಕು.
ಪ್ರೊಜೆಕ್ಟರಿಗೆ ಮಾತ್ರ ಹತ್ತು ನಿಮಿಷ ಕೊಡೂಣು,
ದೀಪ ಆರಿದ ಮ್ಯಾಲೂ ಅದರ ಪಂಖಾ ತಿರಗಬೇಕು.
ಕಾದ ಹಂಚು ತಾನಾ ಆರಬೇಕ್ರಿ,
ನೀರು ಗೊಜ್ಜಿದ್ರ ಸೀಳತೈತಿ."

"ಮತ್ತ ಕೊಲಿಗಾರ?"
"ಹತ್ತು ನಿಮಿಷದಾಗ ಸಿಕ್ರ ನಿಮ್ಮವ."

ಅಂಗಡ್ಯಾಗ ತಮ್ಮ ಬೈದ:
ಇಷ್ಟು ದೊಡ್ಡ ಬಿಲ್ಲು ಗಿರಮಿಟ್ಟಿಗೆ ಬಿಟ್ಟು ಬಂದ್ಯಾ!
ಹೌದಪಾ, ಬಂದೆ.

ತಿಂಗಳಾದ ಮ್ಯಾಲ ಮತ್ತ ಫೋನು.
"ರವಿವಾರ ಕರೆಂಟು ಹೋಗಲೇ ಇಲ್ಲೋ. ಕಡೀತನಕಾ ನೋಡಿದ್ವಿ.
ಅವನ ತಮ್ಮಂತ. ಬರೇ ಆಸ್ತಿ ಸಲುವಾಗಿ.
ಥೂ, ಇಕಿ ಹೇಳಿದ್ದ ಚೊಲೋ ಇತ್ತು."
ಒಂದು ಗಳಿಗಿ ಸುಮ್ನಿದ್ರು.
"ನಿನ್ನಿ ರಾತ್ರಿ ಬ್ಯಾರೆ ಸಿನಿಮಾ, ಮತ್ತ ಹೋತು.
ಈ ಸಲ ಇಕಿ ಲೆಕ್ಕದಾಗ ಕೊಲಿಗಾರ ಯಾರ ಗೊತ್ತೇನು?
ಸ್ಕ್ರೂಡ್ರೈವರ್ ಹಿಡದು ಸಂಜೀಕ ಮ್ಯಾಲ ಹತ್ತಿ ಬಂದ
ಬ್ಯಾಟರಿಯವ."

ಕಿವಿ ಮ್ಯಾಲಿನ ಪೆನ್ಸಿಲ್ ಮುಟ್ಟಿ ನೋಡಿಕೊಂಡೆ.
"ಸಿಕ್ಕಬಿದ್ನೇನ್ರಿ?"
"ಯಾರಿಗ್ಗೊತ್ತು,
ಅಷ್ಟರಾಗ ಕರೆಂಟು ಬಂತು."