ಹೋಗದ ಕಲೆ

ರುವಿಯ ಈ ಲಾಂಡ್ರಿಯಲ್ಲಿ ಹನ್ನೊಂದು ವರ್ಷ
ಬಿಳಿ ದಿಶ್ದಾಶಗಳ ಕಲೆ ತೆಗೆದಿದ್ದೇನೆ:
ಕಾಫಿ, ಖರ್ಜೂರದ ಅಂಟು, ಕಾರಿನ ಗ್ರೀಸು.
ಹಮೂದ್ ಸಾಹೇಬರ ತೋಳಿನ ಮೇಲಿನ ದಾಳಿಂಬೆ
ಮೂರು ಸಲ ಒಗೆದರೂ ಜಪ್ಪಯ್ಯ ಅನ್ನಲಿಲ್ಲ.
ಬೈಸಿಕೊಂಡೆ. ಬೈಸಿಕೊಳ್ಳುತ್ತಲೇ ಒಳಗೊಳಗೆ ನಕ್ಕೆ.
ಗುಳೇದಗುಡ್ಡದಲ್ಲಿ ಸೋದರತ್ತೆ ದ್ಯಾಮವ್ವ
ಹಿಂಗ ಕಚ್ಚಿ ಹಿಡಿದ ಬಣ್ಣಕ್ಕ ಕೂಲಿ ತಗೋತಿದ್ದಳು.

ಅಂದಿನಿಂದ ಪಕ್ಕದ ಜ್ಯೂಸ್ ಅಂಗಡಿಯ ಅಶ್ಕರ್
ರಾತ್ರಿ ಸಿಪ್ಪೆಯ ಚೀಲ ನನಗೆಂದು ಎತ್ತಿಡುತ್ತಾನೆ.
ಶುಕ್ರವಾರ ತಾರಸಿಯ ಮೇಲೆ
ಬಿರಿಯಾನಿ ಬೆಂದು ಬೆಂದು ತಳ ಸವೆದ ಡಬರಿ,
ಹಿಡಿ ಪಟಿಕ, ತುಕ್ಕು ಮೊಳೆ ನೆನೆಸಿದ ವಿನೆಗರ್,
ಮಾಲೀಕರು ನೆಲ ಒರೆಸಲು ಕೊಟ್ಟ ಹತ್ತಿ ತುಂಡು.
ಕೆಳಮನೆಯವರು ಮೂಗು ಮುಚ್ಚಿ ಕೇಳಿದರು,
ಯಾರಿಗಪ್ಪಾ ಕಷಾಯ?

ನೀರಿನದೇ ತಕರಾರು.
ಸಮುದ್ರದ ಉಪ್ಪು ಕಳೆದು ಬಂದ ನಲ್ಲಿನೀರು,
ಯಾವ ಬಾವಿಯ ಗುರುತೂ ಅದಕ್ಕಿಲ್ಲ.
ಊರಿನ ಹಳದಿ ಬರಲೇ ಇಲ್ಲ;
ಬಂದದ್ದು ಹಿಂದಿನ ಬೆಟ್ಟದ ಬಣ್ಣ,
ಅದೂ ಸಂಜೆ ಐದೂವರೆಯದು.
ಕಾಗದದ ಹೂವು ನಂಬಿಸಿ ಕೈಕೊಟ್ಟಿತು,
ಒಂದೇ ಬಿಸಿಲಿಗೆ ಬಿಳಿಚಿತು.
ಮದರಂಗಿ ನಿಂತಿತು. ಮದುವೆಗಳ ರೂಢಿ ಅದಕ್ಕೆ.

ಮೊನ್ನೆ ಹಮೂದ್ ಸಾಹೇಬರು
ಕೌಂಟರಿನ ಮೇಲಿದ್ದ ನನ್ನ ವಸ್ತ್ರ
ಬೆರಳಲ್ಲಿ ಉಜ್ಜಿ, ಬೆರಳು ನೋಡಿಕೊಂಡು,
'ಒಗೆದರೆ ಹೋಗುತ್ತದಾ ಇದು?' ಎಂದರು.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ತಲೆ ಎತ್ತಿ ಹೇಳಿದೆ:
ಇಲ್ಲ ಸಾಹೇಬ್ರೇ, ಹೋಗುವುದಿಲ್ಲ.
ಆ ತೋಳಿನದನ್ನೂ ತನ್ನಿ,
ಪೂರ್ತಿ ಅದ್ದಿಕೊಡುತ್ತೇನೆ.