ಪರವಾಗಿ

ಮಂಡ್ಯದಿಂದ ಪುಶ್‌ಪುಲ್ಲಿಗೆ ಬಂದು
ಹೆಬ್ಬಾಳಿನ ಪಂಪ್‌ಸೆಟ್ ಕಂಪನಿಯ ಮಹಡಿಯಲ್ಲಿ
ಒಂಬತ್ತೂವರೆಗೆ ಕೂತ ಕೂಡಲೆ
ನಾನು ಆರಿಸಬೇಕಾದದ್ದು, ಈಗ ನಾನು ಯಾರು ಅಂತ.

'ಇವರಿಂದ' ಅನ್ನುವ ಕಡೆ ಬಾಣ ಒತ್ತಿದರೆ
ಪಟ್ಟಿ ಜಾರುತ್ತದೆ ಕೆಳಕ್ಕೆ:
ದೂರು ವಿಭಾಗ, ಲೆಕ್ಕ, ಎಂ.ಡಿ. ಕಚೇರಿ,
ತಳದಲ್ಲಿ ಹೊಂಬಾಳಮ್ಮ ಡಾಟ್ ಕೆ.ಸಿ.

ದೂರು ಆದಾಗ ವಿಷಾದಿಸುತ್ತೇನೆ.
ಲೆಕ್ಕ ಆದಾಗ ವಿಷಾದ ಇಲ್ಲ, ತೆರಿಗೆ ಪ್ರತ್ಯೇಕ.
ಎಂ.ಡಿ. ಆದಾಗ ವಾಕ್ಯ ಗಿಡ್ಡ, ಅವರಿಗೆ ಪುರುಸೊತ್ತಿಲ್ಲವಲ್ಲ.
ಆಗ ಬೆನ್ನು ನೆಟ್ಟಗೆ ಮಾಡಿಕೊಂಡು
ಮೇಜಿನ ಕೆಳಗೆ ಬಿಟ್ಟ ಚಪ್ಪಲಿಯನ್ನೂ ಕಾಲಿಗೆ ತೂರಿಸುತ್ತೇನೆ,
ಯಾಕೋ ಗೊತ್ತಿಲ್ಲ.

ಮೊದಲ ವಾರ ಸರ್ವರು ಒಪ್ಪಿರಲಿಲ್ಲ.
ಈ ವಿಳಾಸದಿಂದ ಕಳಿಸಲು ನಿಮಗೆ ಅಧಿಕಾರವಿಲ್ಲ
ಎಂದು ಕಾಗದ ನನಗೇ ವಾಪಸು,
ಬೀಗರೂಟದ ಬಾಗಿಲಲ್ಲಿ ತಡೆದು
ನೀವು ಯಾರ ಕಡೆಯೋರು ಅಂದ ಹಾಗೆ.
ಸಿಸ್ಟಮ್ ನೋಡುವ ಅಕ್ರಂ ಬಂದ,
ಏಲಕ್ಕಿ ಅಗಿಯುತ್ತ ಮೂರು ಚೌಕಕ್ಕೆ ಟಿಕ್ಕು ಹಾಕಿ
"ಆಯ್ತು ಮೇಡಂ, ಇನ್ನು ನೀವು ನಾಲ್ಕು ಜನ" ಅಂದ.
ಸಂಬಳ ಮಾತ್ರ, ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ
ಮೆಟ್ಟಿಲಿಳಿದಿದ್ದ.

ಸರಗೂರಿನ ತಿಮ್ಮಶೆಟ್ಟರು, ರಿಟೈರಾದ ಡ್ರಾಯಿಂಗ್ ಮೇಷ್ಟ್ರು,
ಅರ್ಧ ಎಚ್‌ಪಿ ಮೋಟಾರು ಕೊಂಡವರು.
ಅದು ನೀರೆತ್ತುವುದಿಲ್ಲವಂತೆ, ಕೂಗುತ್ತದಂತೆ,
ಕರು ಬಿಟ್ಟ ಎಮ್ಮೆಯ ಹಾಗೆ.
ಪೆನ್ಸಿಲ್ಲಿನಲ್ಲಿ ಮೋಟಾರು ಬಿಡಿಸಿ ಫೋಟೊ ತೆಗೆದು ಲಗತ್ತಿಸಿದ್ದರು.
ಕೂಗು ಹೊರಡುವ ಜಾಗದಲ್ಲಿ ಸಣ್ಣ ಸಣ್ಣ ಗೆರೆ.

ದೂರು ಉತ್ತರಿಸಿತು: ವಿಷಾದ.
ಲೆಕ್ಕ ಉತ್ತರಿಸಿತು: ವಾರಂಟಿ ಮುಗಿದು ಒಂಬತ್ತು ದಿನ.
ಎಂ.ಡಿ.ಗೇ ಬರೆದರು. ಎಂ.ಡಿ. ಕೊಯಮತ್ತೂರಿನಲ್ಲಿ.
ಚಪ್ಪಲಿ ಹಾಕಿಕೊಂಡೆ.
ಪರಿಶೀಲಿಸಲಾಗುತ್ತಿದೆ. ವಸಿ ಸಮಯ ಕೊಡಿ.

ವಸಿ!
ಕಳಿಸಿದ ಮೇಲೆ ಕಣ್ಣಿಗೆ ಬಿತ್ತು.
ಊಟಿಯ ಇಸ್ಕೂಲಲ್ಲಿ ಓದಿದ ಎಂ.ಡಿ. ಬಾಯಲ್ಲಿ
ನಮ್ಮವ್ವನ ವಸಿ,
ಇಸ್ತ್ರಿ ಮಾಡಿದ ಕೋಟಿಗೆ ಅಂಟಿದ ಉತ್ರಾಣಿ ಕಾಯಿ.

ಮೂರನೆಯ ದಿನ, ಮೂರೂ ವಿಳಾಸಕ್ಕೆ ಒಟ್ಟಿಗೆ:
"ಮಾನ್ಯರೇ,
ಮೂವತ್ತೊಂದು ವರ್ಷ ಮಕ್ಕಳ ಚಿತ್ರ ತಿದ್ದಿದ್ದೇನೆ.
ಯಾವ ಹಾಳೆ ಯಾರ ಕೈಯದು ಅಂತ ಗೆರೆ ಹೇಳುತ್ತೆ.
ನೀವು ಮೂವರೂ ಒಬ್ಬರೇ.
ಮಂಡ್ಯದ ಕಡೆಯವರಾ? ನನ್ನ ಹೆಂಡತಿ ಕೀಲಾರದವಳು.
ನಿಮ್ಮ ಎಂ.ಡಿ. ವಸಿ ಅಂದದ್ದನ್ನು ಓದಿ ಹೇಳಿದೆ.
ಎರಡು ದಿನದಿಂದ ಮೋಟಾರನ್ನು ಬಯ್ಯುವುದು ಬಿಟ್ಟಿದ್ದಾಳೆ.
ಅದು ಮಾತ್ರ ಕೂಗುತ್ತಲೇ ಇದೆ."

ಗೋದಾಮಿನಲ್ಲಿ ವಿಚಾರಿಸಿದೆ.
ಬೇರಿಂಗು, ನೂರಾ ಎಂಬತ್ತು ರೂಪಾಯಿ.
ಕೊಡಬಹುದು ಕಣಮ್ಮ, ಯಾರು ಹೇಳಿದ್ದು ಅಂತ ಬರೀಬೇಕು, ಅಷ್ಟೆ.

ಯಾರು ಹೇಳಿದ್ದು?
ಬಾಣ ಒತ್ತಿ ಪಟ್ಟಿ ನೋಡುತ್ತ ಕೂತೆ.
ದೂರಿಗೆ ವಿಷಾದಿಸುವಷ್ಟೇ ಅಧಿಕಾರ.
ಲೆಕ್ಕ ಬಗ್ಗುವುದಿಲ್ಲ.
ಎಂ.ಡಿ. ಹೆಸರಲ್ಲಿ ಬರೆದರೆ ಕಳ್ಳತನ.
ತಳಕ್ಕೆ ಹೋದೆ. ವರ್ಷದಿಂದ ಮುಟ್ಟಿರಲಿಲ್ಲ ಅದನ್ನು,
ರಜೆ ಕೇಳಲು ಬಿಟ್ಟರೆ.

ದುಡ್ಡು ಕಟ್ಟಿ ರಸೀದಿ ಹರಿಸಿಕೊಂಡು ಬಂದು ಬರೆದೆ:
ಶುಕ್ರವಾರ ಸರಗೂರು ಬಸ್ಸಿನ ಕಂಡಕ್ಟರ ಕೈಲಿ ಬೇರಿಂಗು ಬರುತ್ತೆ.
ಹಾಕಿಸುವಾಗ ವಸಿ ಗ್ರೀಸು ಮೆತ್ತಿಸಿ.
ಕೆಳಗೆ ತಾನಾಗಿ ಬಂದು ಕೂತಿತ್ತು 'ಕಂಪನಿಯ ಪರವಾಗಿ'.
ಅಳಿಸಿದೆ.

ಐದು ಗಂಟೆಗೆ ಅವರ ಪ್ರಶ್ನೆ:
ಎಷ್ಟಾಯಿತು, ಯಾರಿಗೆ ಕಳಿಸಲಿ?

ಪರವಾಗಿಲ್ಲ, ಅಂತ ಒತ್ತಿ
ಅದನ್ನೇ ಇನ್ನೊಂದು ಸಲ ಓದಿಕೊಂಡೆ.
ರೈಲಿಗೆ ಹೊತ್ತಾಗಿತ್ತು.
ಏಳುವಾಗ ನೋಡಿದರೆ ಕಾಲು ಬರಿದಾಗಿ ತಣ್ಣಗಿತ್ತು ನೆಲದ ಮೇಲೆ,
ಚಪ್ಪಲಿ ಒಂದು ಅಲ್ಲಿ, ಒಂದು ಇಲ್ಲಿ.