ಸೊನ್ನೆಯೋ, ಖಾಲಿಯೋ

ಪೋರ್ತೊ ಪಟ್ಟಣದ ಇಳಿಜಾರು ಬೀದಿಯಲ್ಲಿ ನಮ್ಮ ಅಂಗಡಿ,
'ಅಬ್ರಾಂತೆಸ್ ಮತ್ತು ಮಕ್ಕಳು.'
ಮಕ್ಕಳಿರುವುದು ಫಲಕದಲ್ಲಿ ಮಾತ್ರ.
ಸೊಟ್ಟ ಕಾಲಿಗೆ, ಮೋಟು ಕಾಲಿಗೆ,
ಸಕ್ಕರೆ ಕಾಯಿಲೆಯಲ್ಲಿ ಊದಿದ ಕಾಲಿಗೆ
ಅಳೆದು ಹೊಲಿದ ಬೂಟು.

ಹದಿನಾಲ್ಕು ಸಾವಿರ ಪಾದ, ಎಡಬಲ ಸೇರಿ,
ನಾನು ತೊಂಬತ್ತೆರಡರಲ್ಲಿ ಬರೆದ ಪ್ರೋಗ್ರಾಮಿನೊಳಗೆ ಮಲಗಿವೆ.
ಕರಿ ಪರದೆ, ಹಸಿರು ಅಕ್ಷರ.
ಕಾಲಮ್ಮಿನ ಹೆಸರಿಗೆ ಹತ್ತೇ ಅಕ್ಷರ ಜಾಗ;
ಹಿಮ್ಮಡಿಯ ಸುತ್ತಳತೆಯನ್ನೂ
ಹೆಬ್ಬೆರಳ ಓರೆಯನ್ನೂ ಮಡಿಸಿ ಮಡಿಸಿ
ಅದರೊಳಗೆ ತುರುಕಿದವಳು ನಾನೇ, ಒಟಿಲಿಯಾ,
ಆಗ ಇಪ್ಪತ್ತೇಳು.

ಅಳಿಸಿದ್ದೂ ಅಳಿಯುತ್ತಿರಲಿಲ್ಲ ಅದರಲ್ಲಿ.
ಸತ್ತ ಗಿರಾಕಿಯ ಸಾಲಿನ ಮುಂದೆ
ಒಂದು ನಕ್ಷತ್ರ ಬೀಳುತ್ತಿತ್ತು, ಅಷ್ಟೇ.

ಅದನ್ನು ಮಾಡಿದ ಕಂಪನಿಯನ್ನು ಇನ್ನೊಂದು ನುಂಗಿತು,
ಅದನ್ನು ಮತ್ತೊಂದು; ನುಂಗಿದ್ದು ತೇಗಿ
'ಇನ್ನು ಮುಂದೆ ಇದು ಇಲ್ಲ' ಎಂದಿತು.
ಮುಚ್ಚಿದ ಶಾಲೆಯಿಂದ ತಂದ ಹಳೇ ಕಂಪ್ಯೂಟರಿನಲ್ಲಿ
ಹನ್ನೊಂದು ವರ್ಷ ದಬ್ಬಿದೆ.
ಹೋದ ವಾರ ಹೊಸ ಪ್ರಿಂಟರು
ಅದರ ಮಾತೇ ತಿಳಿಯದೆಂದು ಖಾಲಿ ಹಾಳೆ ಉಗುಳಿತು.
ತುಟಿಯಲ್ಲಿ ಮೊಳೆ ಕಚ್ಚಿಕೊಂಡೇ ಕ್ವಿಂಟಿನೊ ಅಬ್ರಾಂತೆಸ್,
'ಬೇರೆ ನೋಡು' ಎಂದ.

ನೋಡಿದೆ.
ಮೊದಲನೆಯದು ಬಾಡಿಗೆ ಮನೆ. ತಿಂಗಳು ತಿಂಗಳು ಹಣ.
ನಮ್ಮ ಪಾದಗಳು ಯಾವುದೋ ದೇಶದಲ್ಲಿ
ಯಾರದೋ ತಣ್ಣನೆ ಕೋಣೆಯಲ್ಲಿ.
ಬಾಡಿಗೆ ತಪ್ಪಿದ ದಿನ ಬೀಗ:
ಒಳಗೆ ಕಾಲು, ಹೊರಗೆ ನಾವು.

ಎರಡನೆಯದಕ್ಕೆ ಕೋಡೇ ಬೇಡವಂತೆ,
ಎಳೆದು ಬಿಟ್ಟರೆ ಸಾಕಂತೆ.
ಮಾರಲು ಬಂದ ಹುಡುಗ 'ಅಂತೆ' ಎನ್ನಲಿಲ್ಲ,
ಅದು ನನ್ನ ಸೇರ್ಪಡೆ.

ಮೂರನೆಯದು ಪುಕ್ಕಟೆ, ಸಾವಿರ ಕೈ ಕೂಡಿ ಕಟ್ಟಿದ್ದು.
'ಕೆಟ್ಟರೆ ಯಾರನ್ನು ಕೇಳಲಿ?'
'ಎಲ್ಲರನ್ನೂ.'
ಎಲ್ಲರನ್ನೂ ಎಂದರೆ, ರಾತ್ರಿ ಹನ್ನೊಂದಕ್ಕೆ,
ಯಾರನ್ನು?

'ಹೊಸ ಬೂಟು ಕಚ್ಚಿಯೇ ಕಚ್ಚುತ್ತದೆ,' ಎಂದ ಕ್ವಿಂಟಿನೊ.
'ಎಲ್ಲಿ ಕಚ್ಚುತ್ತದೆ, ಅದನ್ನು ನೋಡು.'

ಮೂರಕ್ಕೂ ಅದೇ ಇನ್ನೂರು ಸಾಲು ತೊಡಿಸಿದೆ.
ಒಂದು ಸದ್ದಿಲ್ಲದೆ ನುಂಗಿತು.
ಒಂದು, ಕೊರತೆ ಕಂಡಲ್ಲೆಲ್ಲ
ತಾನೇ ಒಂದು ಅಳತೆ ಊಹಿಸಿ ತುಂಬಿ
ಶಭಾಷ್ ಎನಿಸಿಕೊಳ್ಳಲು ಕಾದು ನಿಂತಿತು.
ಮೂರನೆಯದು ಮೂವತ್ತೊಂದನೆಯ ಸಾಲಿನಲ್ಲಿ
ಕಚ್ಚಿ ಹಿಡಿಯಿತು, ಬಿಡಲೊಲ್ಲದು:
ಎಡಗಾಲು ಸೊನ್ನೆ.
ಸೊನ್ನೆ ಉದ್ದದ ಪಾದವಿರದು ಎಂಬ ನಿಯಮ
ಬೆಳಿಗ್ಗೆ ಬರೆದವಳೂ ನಾನೇ.

ಹಳೆಯದಕ್ಕೆ ಸೊನ್ನೆಯೂ ಖಾಲಿಯೂ ಒಂದೇ.
ಕಾಲು ಮುಟ್ಟಗೊಡದೆ ಅತ್ತ ಮಗುವಿಗೂ ಸೊನ್ನೆ,
ಮಂಡಿಯ ಕೆಳಗೆ ಕೊಯ್ದವರಿಗೂ ಸೊನ್ನೆ,
ಶುಕ್ರವಾರ ಸಂಜೆ ನನಗೆ ಬೇಸರ ಬಂದದ್ದಕ್ಕೂ, ಹೌದು,
ಸೊನ್ನೆ.
ಮೂವತ್ತು ವರ್ಷ ಯಾರೂ ಕೇಳಲಿಲ್ಲ.
ಕೇಳಿದ್ದನ್ನೇ ಆರಿಸಿಕೊಂಡೆ.

ಪೂರ್ತಿ ಸುರಿದಾಗ ಇನ್ನೂರ ಹನ್ನೆರಡು ಸೊನ್ನೆ.
ಒಂದೊಂದಕ್ಕೂ ಫೋನು.

ಮೊದಲು ಬೆಲಾರ್ಮಿನೊ, ಹಳೇ ಸಿಪಾಯಿ, ಎಪ್ಪತ್ತಾರು.
ಗಂಟಲು ಸರಿಮಾಡಿಕೊಂಡು ಕೇಳಿದೆ:
'ನಿಮ್ಮ ಎಡಗಾಲು, ನಾವು ಅಳೆಯಲಿಲ್ಲವೋ, ಅಥವಾ...'
ಆಚೆ ಕಡೆ ರೇಡಿಯೊ ಸಣ್ಣಗಾಯಿತು.
'ಇಲ್ಲ ಅಂತ ಬರೀಬೇಡಮ್ಮ.
ಇದೆ. ಅಂಗೋಲಾದಲ್ಲಿದೆ.
ಚಳಿಗಾಲಕ್ಕೆ ಅಲ್ಲಿಂದಲೇ ತುರಿಸುತ್ತದೆ.'

'ಷರಾ' ಎಂದು ಹೊಸ ಕಾಲಂ ಸೇರಿಸಿದೆ.
ಉದ್ದಕ್ಕೆ ಮಿತಿ ಹಾಕಲಿಲ್ಲ.
ಅವನು ಹೇಳಿದಷ್ಟನ್ನೂ ಬರೆದೆ, ತುರಿಕೆಯನ್ನೂ.

ಎರಡನೆಯ ನಂಬರು ಒತ್ತಿದ್ದೇನೆ.
ರಿಂಗಾಗುತ್ತಿದೆ.